ಬಿಕ್ಕಳಿಕೆ ಮೇಷ್ಟ್ರ ಇಂಗ್ಲಿಷ್ ಕ್ಲಾಸು

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಾರೆ. ನಮ್ಮೂರಿನಲ್ಲಿ ಬಿಕ್ಕಳಿಕೆ ಬಂದರೆ, ಈ ಮನುಷ್ಯ ಯಾರನ್ನೋ ಏನನ್ನೋ ಕೇಳಿಬಿಟ್ಟಿದ್ದಾನೆ ಎಂದೇ ಅರ್ಥ. ಪ್ರಶ್ನೆ ಬಾಯಿಂದ ಹೊರಬಿದ್ದ ಮರುಕ್ಷಣ ಗಂಟಲು ಬಿಕ್ ಎನ್ನುತ್ತದೆ. ಎದುರಿನವರು ನಿಜವಾದ ಉತ್ತರ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಸುಳ್ಳು ಹೇಳಿದರೆ, ಹಾರಿಕೆ ಮಾತಾಡಿದರೆ, ನಕ್ಕು ಸುಮ್ಮನಾದರೆ ನಿಲ್ಲುವುದಿಲ್ಲ. ಊರು ಬಿಟ್ಟು ಓಡಿದರೂ ಬೆನ್ನು ಬಿಡುವುದಿಲ್ಲ. ಅಂಚೆ ಕಚೇರಿಯ ಹಿಂದಿನ ಬೀದಿಯ ಕೊಟ್ರಪ್ಪನವರು ಮೂವತ್ತು ವರ್ಷದ ಹಿಂದೆ ತಮ್ಮನನ್ನು "ಅಪ್ಪನ ಉಂಗುರ ನೀನೇ ತಗೊಂಡೆಯಾ?" ಎಂದು ಕೇಳಿದ್ದರು. ತಮ್ಮ ಇಲ್ಲವೆಂದ. ಕೊಟ್ರಪ್ಪನವರು ಇವತ್ತಿಗೂ ಬಿಕ್ಕುತ್ತಿದ್ದಾರೆ. ಉಂಗುರ ಎಲ್ಲಿಗೆ ಹೋಯಿತೆಂಬುದು ಊರಿಗೆಲ್ಲ ಗೊತ್ತಾದದ್ದು ಹಾಗೆ.

ಆದ್ದರಿಂದ ನಮ್ಮ ಜನ ಕೇಳುವುದಿಲ್ಲ, ಊಹಿಸುತ್ತಾರೆ. ದಾರಿಯಲ್ಲಿ ಸಿಕ್ಕಿದರೆ "ಊಟ ಆಗಿರಬೇಕು" ಎನ್ನುತ್ತಾರೆ. "ಎಲ್ಲೋ ಹೊರಟ ಹಾಗಿದೆ" ಎನ್ನುತ್ತಾರೆ. ಹೇಳಬೇಕೆನಿಸಿದರೆ ಹೇಳಬಹುದು, ಇಲ್ಲದಿದ್ದರೆ ಹೂಂಗುಟ್ಟಿ ಮುಂದೆ ಹೋಗಬಹುದು. ಬಸ್ಸಿನ ಕಂಡಕ್ಟರು ನಿಮ್ಮ ಮುಂದೆ ಬಂದು ಕಲ್ಲಿನ ಹಾಗೆ ನಿಲ್ಲುತ್ತಾನೆ. ನೀವೇ ಊರಿನ ಹೆಸರು ಹೇಳಬೇಕು. ನನ್ನ ಮದುವೆಯೂ ಹೀಗೇ ಆಯಿತು. ಹೆಣ್ಣು ನೋಡಲು ಹೋದಾಗ ನಮ್ಮಮ್ಮ ಸುತ್ತಲೂ ಕಣ್ಣಾಡಿಸಿ, "ಹುಡುಗಿಗೆ ಒಪ್ಪಿಗೆ ಇರೋ ಹಾಗೆ ಕಾಣುತ್ತೆ" ಎಂದಳು. "ಕಾಣುತ್ತೆ, ಕಾಣುತ್ತೆ" ಎಂದರು ಅವಳಪ್ಪ. ಚಂಪಾವತಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಆಗ ಅವಳ ಮುಖ ಹೇಗಿತ್ತೋ ನಾನು ಹೇಳಲಾರೆ. ನನ್ನ ಗಮನವೆಲ್ಲ ಕೋಡುಬಳೆಯ ಮೇಲಿತ್ತು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಹೆಸರು ಪ್ರಹ್ಲಾದ. ಆದರೆ ಊರಿನಲ್ಲಿ ನನ್ನನ್ನು ಬಿಕ್ಕಳಿಕೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಅದಕ್ಕೆ ಕಾರಣ ಸಂಜೆಯ ಕ್ಲಾಸು. ನಮ್ಮ ಕಡೆಯವರು ಸಮುದ್ರದಾಚೆ ಕೆಲಸ ಹುಡುಕಲು ಶುರುಮಾಡಿದ ಮೇಲೆ ಒಂದು ಇಂಗ್ಲಿಷ್ ಪರೀಕ್ಷೆ ಗಂಟುಬಿತ್ತು. ಓದುವುದು ಬರೆಯುವುದು ಹೇಗೋ ಆಗುತ್ತಿತ್ತು. ಕೊನೆಯಲ್ಲಿ ಮಾತಿನ ಪರೀಕ್ಷೆ ಅಂತ ಒಂದಿದೆ. ದೂರದ ಪಟ್ಟಣದ ಒಂದು ಕೋಣೆಯಲ್ಲಿ ಗುರುತಿಲ್ಲದ ಅಧಿಕಾರಿಯೊಬ್ಬರು ಎದುರು ಕೂತು ಕಾಲು ಗಂಟೆ ಬರೀ ಪ್ರಶ್ನೆಗಳನ್ನೇ ಕೇಳುತ್ತಾರೆ. ನಿಮ್ಮ ಊರು ಹೇಗಿದೆ, ನಿಮಗೆ ಯಾವ ಊಟ ಇಷ್ಟ, ಮರೆಯಲಾಗದ ಪ್ರಯಾಣ ಯಾವುದು. ನಮ್ಮವರು ಹುಟ್ಟಿದಂದಿನಿಂದ ಯಾರಿಂದಲೂ ಒಂದು ಪ್ರಶ್ನೆಯನ್ನೂ ಕೇಳಿಸಿಕೊಂಡವರಲ್ಲ. ಮೊದಲ ಪ್ರಶ್ನೆಗೇ, ಈಗ ಬಿಕ್ಕಳಿಕೆ ಶುರುವಾಗುತ್ತದೆಂದು ಅಧಿಕಾರಿಯನ್ನು ಅಯ್ಯೋ ಪಾಪ ಎಂದು ನೋಡಿ, ಎದ್ದು ಹೋಗಿ ನೀರು ತಂದುಕೊಡುತ್ತಿದ್ದರು. ಒಬ್ಬಳು ಸೆರಗಿನಿಂದ ಗಾಳಿ ಬೀಸಿದಳಂತೆ. ನೀರಿಗೂ ಗಾಳಿಗೂ ಆ ಪರೀಕ್ಷೆಯಲ್ಲಿ ಅಂಕವಿಲ್ಲ.

ಇವರಿಗೆ ಪ್ರಶ್ನೆ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಸಲು ಒಂದು ಗಂಟಲು ಬೇಕಾಗಿತ್ತು. ನಾನು ನನ್ನದನ್ನು ಕೊಟ್ಟೆ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲದ ಚೂರು. ನಾನು ಕೇಳುತ್ತೇನೆ, ಬಿಕ್ಕುತ್ತೇನೆ. ಎದುರಿನವರು ಉತ್ತರ ಹೇಳುತ್ತಾರೆ. ನಮ್ಮಮ್ಮ ಕ್ಲಾಸಿನ ಹೊತ್ತಿಗೆ ಈಚೆ ಬರುತ್ತಿರಲಿಲ್ಲ. ಮಗ ನಾಲ್ಕು ಜನರೆದುರು ನಾಚಿಕೆಯಿಲ್ಲದೆ ಪ್ರಶ್ನೆ ಕೇಳುವುದನ್ನು ನೋಡಲಾರದೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಸಂದಿಯಿಂದ ಎಲ್ಲವೂ ಕೇಳಿಸುತ್ತಿತ್ತು ಅನ್ನುವುದು ಬೇರೆ ಮಾತು.

ಕಷ್ಟವಿದ್ದದ್ದು ಗೈಡಿನಿಂದ. ಎಲ್ಲರ ಕೈಯಲ್ಲೂ ಅದೇ ತೆಳ್ಳನೆಯ ಹಳದಿ ಗೈಡು. ಅದರೊಳಗಿನ ಮನುಷ್ಯನಿಗೆ ಪುಸ್ತಕ ಓದುವ ಹವ್ಯಾಸ, ಅವನು ಮೆಚ್ಚಿದ ವ್ಯಕ್ತಿ ಅವನ ತಾತ, ಮರೆಯಲಾಗದ ಪ್ರಯಾಣ ಕಡಲ ತೀರಕ್ಕೆ. ನಮ್ಮೂರಿನ ಅರ್ಧ ಜನ ಸಮುದ್ರವನ್ನೇ ಕಂಡವರಲ್ಲ, ಆದರೂ ಎಲ್ಲರೂ ಕಡಲ ತೀರದಲ್ಲಿ ಕಪ್ಪೆಚಿಪ್ಪು ಆರಿಸಿಯೇ ಆರಿಸುತ್ತಿದ್ದರು. ಇಂಥ ಉತ್ತರಕ್ಕೆ ನನ್ನ ಬಿಕ್ಕಳಿಕೆ ಜಗ್ಗುವುದಿಲ್ಲ. ಪಟ್ಟಣದ ಅಧಿಕಾರಿಗಳಿಗೂ ಉರು ಹೊಡೆದ ಉತ್ತರ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ನನ್ನ ಗಂಟಲೇ ಒಂದು ಒಳ್ಳೆಯ ಪರೀಕ್ಷಾಧಿಕಾರಿಯಾಯಿತು.

ಲಾರಿ ಫಿಟ್ಟರ್ ದಸ್ತಗೀರನ ಕತೆಯನ್ನೇ ಹೇಳುತ್ತೇನೆ. ಬಿಡುವಿನಲ್ಲಿ ಏನು ಮಾಡಲು ಇಷ್ಟ ಎಂದು ಕೇಳಿದರೆ ಎದೆ ಉಬ್ಬಿಸಿ "ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್" ಎಂದ. ನಾನು ಬಿಕ್ಕಿದೆ.

"ದಸ್ತಗೀರ್, ನೀನು ಪುಸ್ತಕ ಓದೋ ಹಾಗೆ ಕಾಣಲ್ಲ."

"ಗೈಡಲ್ಲಿ ಹಂಗೇ ಇದೆ ಸಾರ್."

"ಗೈಡನ್ನ ಕೆಳಗಿಟ್ಟು ನಿನ್ನದು ಹೇಳು. ನನ್ನ ಎದೆ ನೋಯ್ತಿದೆ."

ಅವನು ತಲೆ ಕೆರೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಕೆಟ್ಟು ನಿಂತ ಲಾರಿಯ ಕೆಳಗೆ ಚಾಪೆ ಹಾಸಿ ಮಲಗುತ್ತೇನೆ, ಅಲ್ಲಿ ಬಹಳ ತಂಪು, ಮೇಲೆ ನೋಡಿದರೆ ಒಳಗಿನ ಯಂತ್ರವೆಲ್ಲ ಕಾಣುತ್ತದೆ, ಅದನ್ನು ನೋಡುತ್ತಾ ನಿದ್ದೆ ಬರುವುದೇ ನನಗೆ ಸುಖ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮೂರು ತಪ್ಪಿದ್ದವು. ಬಿಕ್ಕಳಿಕೆ ಗಪ್ಪೆಂದು ನಿಂತಿತು. ಪರೀಕ್ಷೆಯಲ್ಲಿ ಅದನ್ನೇ ಹೇಳಿ ಒಳ್ಳೆಯ ಅಂಕ ತಂದ. ವೀಸಾ ಬರುವವರೆಗೂ ಗುರುದಕ್ಷಿಣೆಯ ಹಾಗೆ ದಿನಾ ಬಂದು ನನಗೆ ನೀರು ಕೊಡುವ ಕೆಲಸ ವಹಿಸಿಕೊಂಡಿದ್ದ.

ಇಷ್ಟೆಲ್ಲ ಹೆಸರು ಮಾಡಿಕೊಂಡು ನಾನು ಜಂಬದಲ್ಲಿದ್ದಾಗಲೇ ಒಂದು ಸೋಮವಾರ ನನ್ನ ಹೆಂಡತಿ ಚಂಪಾ ಅವರೆಕಾಯಿ ಬಿಡಿಸುತ್ತಾ, "ನಾನೂ ಆ ಪರೀಕ್ಷೆಗೆ ಎರಡು ಸಲ ಕೂತು ಬಂದಿದ್ದೀನಿ" ಎಂದಳು. ಅವಳು ಊರಿನ ಆಸ್ಪತ್ರೆಯಲ್ಲಿ ನರ್ಸು. ನಾನು ಬಾಯಿ ತೆರೆದೆ, ಮೂವತ್ತು ಪ್ರಶ್ನೆಗಳು ಒಟ್ಟಿಗೇ ಬಂದು ಅಲ್ಲೇ ಸಿಕ್ಕಿಕೊಂಡವು, ಬಾಯಿ ಮುಚ್ಚಿದೆ. ಅವಳೇ ಮುಂದುವರಿಸಿದಳು. ಸಮುದ್ರದಾಚೆಯ ಒಂದು ಆಸ್ಪತ್ರೆ ಅವಳಿಗೆ ಕೆಲಸ ಕೊಡಲು ಒಪ್ಪಿದೆ. ಎರಡು ವರ್ಷ. ಓದು ಬರಹ ಪಾಸಾಗಿದೆ, ಮಾತಿನಲ್ಲಿ ಎರಡು ಸಲವೂ ಹೋಯಿತು. ಮುಂದಿನ ತಿಂಗಳೊಳಗೆ ಪಾಸಾಗದಿದ್ದರೆ ಆ ಜಾಗ ಬೇರೆಯವರಿಗೆ. "ಇನ್ನೊಂದೇ ಸಲ ಅವಕಾಶ. ನೀವು ಹೇಳಿಕೊಡಬೇಕು" ಎಂದು ಮುಗಿಸಿ ಸಿಪ್ಪೆಯನ್ನು ಮೊರದಿಂದ ಕೊಡವಿದಳು.

"ಸೊಸೆ ಎಲ್ಲೋ ದೂರ ಹೊರಟ ಹಾಗಿದೆ" ಎಂದಳು ಒಳಗಿನಿಂದ ಅಮ್ಮ.

"ಹೂಂ ಅತ್ತೆ, ಎರಡು ವರ್ಷಕ್ಕೆ."

ಅದಕ್ಕೆ ಅಮ್ಮ, "ಹಾಗಾದ್ರೆ ಅವರೆಕಾಳಿನ ಸಾರು ಇವತ್ತೇ ಮಾಡಿಬಿಡೋದು ಒಳ್ಳೇದು" ಎಂದಳು. ದುಃಖವಾದಾಗ ಅವಳು ಸಾರಿನ ವಿಷಯ ಮಾತಾಡುತ್ತಾಳೆ.

ಮರುದಿನ ಸಂಜೆ ಚಂಪಾ ವಿದ್ಯಾರ್ಥಿಗಳ ಕುರ್ಚಿಯಲ್ಲಿ ಕೂತಳು. ಅವಳ ಪರೀಕ್ಷೆ ಮುಂದಿನ ವಾರ ಕಳೆದು ಬರುವ ಸೋಮವಾರ. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೆಂಡತಿಯೆಂದು ರಿಯಾಯಿತಿ ತೋರಿಸಿ, ಹೊಸಬರಿಗೆ ಕೊಡುವ ಎಲ್ಲಕ್ಕಿಂತ ಸುಲಭದ ಪ್ರಶ್ನೆಯನ್ನೇ ಆರಿಸಿದೆ.

"ವಾಟ್ ಡು ಯು ಲೈಕ್ ಟು ಡೂ ಇನ್ ಯುವರ್ ಫ್ರೀ ಟೈಮ್?" ಬಿಕ್.

ಪುಸ್ತಕ ಓದುವುದು ಎಂದಳು. ಬಿಕ್. ನಾನು ಕೈಯಾಡಿಸಿ, ಇನ್ನೊಂದು ಹೇಳು ಎಂದು ಸನ್ನೆ ಮಾಡಿದೆ. ಗಿಡ ಬೆಳೆಸುವುದು ಎಂದಳು. ನಮ್ಮ ಮನೆಯ ತುಳಸಿ ಎರಡು ಸಲ ಒಣಗಿದೆ. ಬಿಕ್. ಅಡುಗೆ ಮಾಡುವುದು ಎಂದಳು. ಬಿಕ್. ಇದು ನನಗೆ ಸ್ವಲ್ಪ ನಾಟಿತು; ಹನ್ನೆರಡು ವರ್ಷ ಉಂಡವನು ನಾನು. ಅತ್ತೆಯ ಜೊತೆ ಮಾತಾಡುವುದು ಎಂದಳು. ಬಿಕ್. ಅಡುಗೆಮನೆಯಲ್ಲಿ ಪಾತ್ರೆಯೊಂದು ಧಡಾರೆಂದಿತು. ಕೊನೆಗೆ ಅವಳು ನೆಲ ನೋಡುತ್ತಾ, ಗಂಡನ ಜೊತೆ ಕಾಲ ಕಳೆಯುವುದು ಎಂದಳು. ಅದಕ್ಕೆ ಬಂದ ಬಿಕ್ಕಳಿಕೆ ಎಷ್ಟು ಜೋರಾಗಿತ್ತೆಂದರೆ ಬೆಲ್ಲದ ತಟ್ಟೆ ಸದ್ದು ಮಾಡಿತು. ಚೊಂಬು ಹಿಡಿದು ನಿಂತಿದ್ದ ದಸ್ತಗೀರ ಮಾಡಿನ ಕಡೆ ನೋಡತೊಡಗಿದ.

ಅಷ್ಟು ಹೇಳಿ ಚಂಪಾ ಬಾಯಿ ಹೊಲಿದುಕೊಂಡಳು. ಬಿಕ್ಕಳಿಕೆ ನನ್ನ ಜೊತೆ ಊಟಕ್ಕೆ ಕೂತಿತು, ನಿದ್ದೆಗೆಡಿಸಿತು, ಬೆಳಿಗ್ಗೆ ಶಾಲೆಗೆ ಬಂತು. "ಮೇಷ್ಟ್ರು ಮನೇಲಿ ಏನೋ ಕೇಳಿದ ಹಾಗಿದೆ" ಎಂದರು ಹೆಡ್‌ಮಾಸ್ಟರು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ: ಬಿಕ್ಕಳಿಕೆ ಮೇಷ್ಟ್ರು ಹೆಂಡತಿಯನ್ನು ನಿನಗೇನು ಇಷ್ಟ ಎಂದು ಕೇಳಿದ್ದಾರೆ, ಆಕೆ ಹೇಳುತ್ತಿಲ್ಲ.

ನಮ್ಮ ಜನ ಇಂಥ ಸಮಯದಲ್ಲಿ ಕೈಕಟ್ಟಿ ಕೂರುವವರಲ್ಲ. ಮೂರನೆಯ ದಿನದಿಂದ ಮನೆಗೆ ಸಾಲುಗಟ್ಟಿ ಬಂದರು. ಒಬ್ಬರು ಹಾರ್ಮೋನಿಯಂ ಹೊತ್ತು ತಂದು "ಸಂಗೀತ ಇಷ್ಟ ಇರಬೇಕು" ಎಂದರು. ಪಕ್ಕದ ಮನೆಯವರು ಬುಟ್ಟಿಗಟ್ಟಲೆ ಬಿಡಿಹೂ ತಂದು "ಹೂ ಕಟ್ಟೋದೇ ಇರಬೇಕು" ಎಂದರು. ಉಣ್ಣೆಯ ಉಂಡೆ ಬಂತು, ಚೌಕಾಬಾರದ ಮಣೆ ಬಂತು, ಪಂಜರದ ಗಿಳಿಯೊಂದೂ ಬಂತು. ಚಂಪಾ ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ಸ್ವಲ್ಪ ಹೊತ್ತು ಮಾಡಿ ನೋಡಿ, ನನ್ನ ಕಡೆ ತಿರುಗಿ ನನಗೆ ಇದು ಇಷ್ಟ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎಲ್ಲರ ಕಣ್ಣೂ ನನ್ನ ಗಂಟಲಿನ ಮೇಲೆ. ಬಿಕ್. ಬಂದವರು ಪೆಚ್ಚುಮೋರೆ ಹಾಕಿಕೊಂಡು ತಮ್ಮ ಸಾಮಾನು ಎತ್ತಿಕೊಂಡು ಹೋಗುತ್ತಿದ್ದರು. ಗಿಳಿ ಮಾತ್ರ ಎರಡು ದಿನ ಉಳಿದುಕೊಂಡು ನನ್ನ ಹಾಗೆ ಬಿಕ್ಕುವುದನ್ನು ಕಲಿಯಿತು.

ಮೊದಲ ಎರಡು ದಿನ ನನಗೆ ಸಿಟ್ಟಿತ್ತು. ಇಷ್ಟು ಸುಲಭದ ಪ್ರಶ್ನೆ, ದಸ್ತಗೀರನಂಥವನೇ ಹೇಳಿದ, ಇವಳಿಗೇನು ಧಾಡಿ ಎಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಶಾಲೆಯಲ್ಲಿ ಬುತ್ತಿ ಬಿಚ್ಚಿದಾಗ ಥಟ್ಟನೆ ಹೊಳೆಯಿತು: ಉತ್ತರ ನನಗೂ ಗೊತ್ತಿಲ್ಲ. ಎದುರುಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಹೆಡ್‌ಮಾಸ್ಟರಿಗೆ ಯಾವ ಹಲ್ಲು ನೋಯುತ್ತದೆ ಎಂದು ಊಹಿಸಬಲ್ಲ ನನಗೆ, ನನ್ನ ಬುತ್ತಿ ಕಟ್ಟಿದವಳಿಗೆ ಏನು ಇಷ್ಟ ಎಂಬ ಊಹೆಯೂ ಇರಲಿಲ್ಲ. ನಾಚಿಕೆಯಾಯಿತು. ಬುತ್ತಿಯನ್ನು ಹಾಗೇ ಮುಚ್ಚಿಟ್ಟೆ, ಬಿಕ್ಕಳಿಕೆಯಿಂದ ಮಾತ್ರವಲ್ಲ.

ಚಂಪಾ ನನ್ನನ್ನು ನೋಡಿಕೊಂಡಳು, ಚೆನ್ನಾಗಿಯೇ ನೋಡಿಕೊಂಡಳು. ನಾಲಿಗೆಯ ಕೆಳಗೆ ಸಕ್ಕರೆ ಇಟ್ಟಳು, ಮೂಗು ಹಿಡಿದು ನೀರು ಕುಡಿಸಿದಳು, ಬೆನ್ನು ನೀವಿದಳು. ಉತ್ತರ ಮಾತ್ರ ಕೊಡಲಿಲ್ಲ. ಒಂದು ವಾರ ಕಳೆಯಿತು. ಬುಧವಾರ ಬೆಳಿಗ್ಗೆ ಕನ್ನಡಿಯಲ್ಲಿ ಗಡ್ಡ ಹೆರೆಯುತ್ತಾ ಬಿಕ್ಕಿ ಕೆನ್ನೆ ಕುಯ್ದುಕೊಂಡೆ. ಅವಳು ಹತ್ತಿಯಿಂದ ರಕ್ತ ಒತ್ತಿ ಹಿಡಿದು, ಅಳು ತಡೆದುಕೊಂಡು, "ಹೇಳೋಕೆ ನಾಚಿಕೆ ಆಗುತ್ತೆ ರೀ. ನಾಳೆ ಶಾಲೆಗೆ ರಜ ಹಾಕಿ ನನ್ನ ಜೊತೆ ಬನ್ನಿ" ಎಂದಳು.

ಗುರುವಾರ ಅವಳ ವಾರದ ರಜ. ಪ್ರತಿ ಗುರುವಾರ ಅವಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅಕ್ಕನ ಮನೆಗೆ ಹೋಗುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಹಾಗೆಂದು ಹೇಳಿರಲಿಲ್ಲ, ನಾನೇ ಊಹಿಸಿದ್ದೆ. ಅವಳು ನನ್ನ ಊಹೆಯನ್ನು ಅಲ್ಲಾಡಿಸಲು ಹೋಗಿರಲಿಲ್ಲ.

ಬಸ್ಸು ಊರಗಡಿ ದಾಟಿ ಪಕ್ಕದ ಊರಿನ ಬಸ್‌ಸ್ಟ್ಯಾಂಡಿಗೆ ಬಂತು. ಚಂಪಾ ಇಳಿದು, ಹೋಟೆಲಿನ ಪಕ್ಕದ ಉದ್ದನೆಯ ಸಿಮೆಂಟ್ ಬೆಂಚಿನ ಮೇಲೆ, ತನ್ನದೇ ಜಾಗವೆಂಬಂತೆ ಕೂತಳು. ನಾನು ಎರಡು ಮಾರು ದೂರದಲ್ಲಿ ಬಿಕ್ಕುತ್ತಾ ನಿಂತೆ. ಪಕ್ಕದಲ್ಲಿ ಮುದುಕಿಯೊಬ್ಬಳು ಕಾಲು ನೀಡಿಕೊಂಡು ಕೂತಿದ್ದಳು.

"ಅಜ್ಜೀ, ಈ ಕಾಲು ಯಾವತ್ತಿಂದ ಊದಿದೆ?" ಎಂದಳು ನನ್ನ ಹೆಂಡತಿ.

ನಾನು ಅವಳ ಗಂಟಲನ್ನೇ ನೋಡಿದೆ. ಚಂಪಾ ಬಿಕ್ಕಲಿಲ್ಲ. ಇದು ನಮ್ಮೂರಲ್ಲ, ಇಲ್ಲಿ ಕೇಳಿದ್ದಕ್ಕೆ ಬಿಕ್ಕಳಿಕೆ ಬರುವುದಿಲ್ಲ.

"ಉಗಾದಿಯಿಂದ ಕಣವ್ವಾ" ಎಂದಳು ಮುದುಕಿ.

"ಬೆಳಿಗ್ಗೆ ಎದ್ದಾಗ ಜಾಸ್ತಿನಾ, ಸಂಜೆ ಜಾಸ್ತಿನಾ? ಒತ್ತಿದ್ರೆ ಗುಳಿ ಬೀಳುತ್ತಾ? ಉಪ್ಪಿನಕಾಯಿ ತಿಂತೀಯಾ?"

ಮುದುಕಿ ಕಾಲಿನಿಂದ ಉಪ್ಪಿನಕಾಯಿಗೆ, ಉಪ್ಪಿನಕಾಯಿಯಿಂದ ಅದನ್ನು ಹಾಕಿಕೊಡುತ್ತಿದ್ದ ಸತ್ತುಹೋದ ತಂಗಿಗೆ ಬಂದಳು. ಚಂಪಾ ಕೆನ್ನೆಗೆ ಕೈಯಿಟ್ಟುಕೊಂಡು, "ಆಮೇಲೆ?" ಎಂದಳು. ಮುದುಕಿ ಹೇಳಿದಳು. "ಆಮೇಲೇನಾಯ್ತು?" ಎಂದಳು. ನಮ್ಮೂರಿನಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಿಲ್ಲ. ನಮ್ಮಲ್ಲಿ ಕತೆ ಹೇಳುವವರು ತಾವಾಗಿಯೇ ಹೇಳಿ ತಾವಾಗಿಯೇ ನಿಲ್ಲಿಸುತ್ತಾರೆ. ಮುದುಕಿಯ ಬಸ್ಸು ಬಂತು. ಎಂಥದೋ ಗುಳಿಗೆಯ ಹೆಸರನ್ನೂ, ಡಾಕ್ಟರಿಗೆ ಏನು ಹೇಳಬೇಕೆಂಬುದನ್ನೂ ಚಂಪಾ ಹೇಳಿಕೊಟ್ಟು ಕಳಿಸಿದಳು. ಆಮೇಲೆ ಹಾಸಿಗೆ ಸುರುಳಿ ಹೊತ್ತ ಗಂಡಸೊಬ್ಬ ಬಂದ. ಹಾಸಿಗೆ ಸಮೇತ ಎಲ್ಲಿಗೆ ಎಂದು ಕೇಳಿದಳು. ಅಳುತ್ತಿದ್ದ ಕಾಲೇಜು ಹುಡುಗಿಯನ್ನು ಯಾಕಮ್ಮ ಎಂದು ಕೇಳಿದಳು. ಕೇಳಿಸಿಕೊಂಡವರ ಮುಖ ಒಂದೊಂದಾಗಿ ಅರಳುತ್ತಿತ್ತು. ಅವಳ ಮುಖವನ್ನಂತೂ ಏನು ಹೇಳಲಿ. ನನ್ನ ಹೆಂಡತಿಗೆ ಅಂಥ ಒಂದು ಮುಖವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಹೆಂಡತಿ ಕುಣಿಯುವುದನ್ನು ನೋಡಿದವನ ಹಾಗೆ ನಾಚಿಕೆಯಾಯಿತು, ಹೊಟ್ಟೆಕಿಚ್ಚಾಯಿತು, ಅಷ್ಟೇ ಹೊತ್ತಿಗೆ ಅಲ್ಲಿಂದ ಕಣ್ಣು ಕೀಳಲೂ ಆಗಲಿಲ್ಲ.

ಮಧ್ಯಾಹ್ನ ಬೆಂಚು ಖಾಲಿಯಾದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳು ರೋಗಿಯನ್ನು ಏನೂ ಕೇಳುವ ಹಾಗಿಲ್ಲ. ಇಲ್ಲಿ ನೋಯ್ತಿರಬೇಕು, ಇಲ್ಲಿ ನೋಯ್ತಿರಬೇಕು ಎಂದು ಒತ್ತುತ್ತಾ ಹೋಗಬೇಕು, ಕೂಗಿದ ಕಡೆ ನಿಲ್ಲಿಸಬೇಕು. ಎರಡು ವರ್ಷದ ಹಿಂದೆ ಹದಿನೇಳರ ಹುಡುಗಿಯೊಬ್ಬಳು ಜ್ವರವೆಂದು ಬಂದಳು. ಎಲ್ಲಿ ಒತ್ತಿದರೂ ಹಲ್ಲು ಕಚ್ಚಿಕೊಂಡಿದ್ದಳು.

"ನಾನು ತಡೆಯೋಕಾಗದೆ ಕೇಳಿಬಿಟ್ಟೆ ರೀ. ಹೊಟ್ಟೆ ನೋವಿದೆಯಾ ಅಂದೆ. ಏನೂ ಇಲ್ಲ ಸಿಸ್ಟರ್ ಅಂದಳು. ನನ್ನ ಬಿಕ್ಕಳಿಕೆ ನಿಲ್ಲಲಿಲ್ಲ. ಸುಳ್ಳು ಹೇಳ್ತಿದ್ದಾಳೆ ಡಾಕ್ಟ್ರೇ ಅಂತ ಓಡಿ ಹೋಗಿ ಹೇಳಿದೆ. ಬಿಕ್ಕೋ ಕೈಯಲ್ಲಿ ಸೂಜಿ ಹಿಡೀಬಾರದು, ಮನೆಗೆ ಹೋಗಿ ಅಂದ್ರು. ಎರಡು ದಿನ ಆದ್ಮೇಲೆ ಅಪೆಂಡಿಕ್ಸ್ ಒಳಗೇ ಒಡೆದು ದೊಡ್ಡ ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಹುಡುಗಿ ಉಳಿದದ್ದು ಅವಳ ಪುಣ್ಯ. ನೋವಿತ್ತು ಸಿಸ್ಟರ್ ಅಂತ ಅವಳು ಒಪ್ಕೊಂಡ ಮೇಲೇ ನನ್ನ ಬಿಕ್ಕಳಿಕೆ ನಿಂತಿದ್ದು. ಆವತ್ತೇ ತೀರ್ಮಾನ ಮಾಡಿದೆ, ಕೇಳೋಕೆ ಬಿಡೋ ಕಡೆ ಕೆಲಸ ಮಾಡಬೇಕು ಅಂತ."

ಆಮೇಲೆ ಅವಳು ಕ್ಲಾಸಿನಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನನ್ನೇ ನೋಡುತ್ತಾ, ಇಂಗ್ಲಿಷಿನಲ್ಲಿ ಶುರುಮಾಡಿದಳು. ಬಿಡುವಿನ ದಿನ ನಾನು ಬೇರೆ ಊರಿನ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ. ಅಲ್ಲಿ ಕೂತು ಗುರುತಿಲ್ಲದವರನ್ನು ಪ್ರಶ್ನೆ ಕೇಳುತ್ತೇನೆ. ಎಲ್ಲರೊಳಗೂ ಒಂದು ಉತ್ತರ ಕಾದು ಕೂತಿರುತ್ತದೆ, ಅದು ಈಚೆ ಬರುವುದನ್ನು ನೋಡುವುದೆಂದರೆ ನನಗೆ ಪ್ರಾಣ. ಕಾಲಗಳು ಹಿಂದುಮುಂದಾದವು, ಬಹುವಚನ ಎರಡು ಕಡೆ ಜಾರಿತು. ನಾನು ತಿದ್ದಲಿಲ್ಲ. ಒಂಬತ್ತು ದಿನದ ಬಿಕ್ಕಳಿಕೆ ನಿಂತುಹೋಗಿ ನನ್ನ ಕಿವಿ ಗುಂಯ್ ಎನ್ನುತ್ತಿತ್ತು.

ಉಳಿದ ಮೂರು ದಿನ ಕೂತು ಬೇರೆ ವಿಷಯಗಳನ್ನೆಲ್ಲ ಮಾಡಿದೆವು. ಊರು, ಮನೆ, ಹವಾಮಾನ, ಬಾಲ್ಯದ ಗೆಳತಿ. ನಾನು ಕೇಳುತ್ತಿದ್ದೆ, ಅವಳು ಥಟ್ಟನೆ ಹೇಳುತ್ತಿದ್ದಳು, ನಾನು ಚೊಂಬಿಗೆ ಕೈಹಾಕುವಷ್ಟರಲ್ಲಿ ಬಿಕ್ಕಳಿಕೆ ಹೋಗಿರುತ್ತಿತ್ತು. ಸೋಮವಾರ ಪಟ್ಟಣಕ್ಕೆ ಹೋಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: ಎತ್ತರದ ಹೆಂಗಸೊಬ್ಬರು ಪರೀಕ್ಷೆ ಮಾಡಿದರಂತೆ; ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರಂತೆ; ಇವಳು ಬಸ್‌ಸ್ಟ್ಯಾಂಡಿನ ಕತೆ ಹೇಳತೊಡಗಿದಾಗ ಆಕೆ ಪೆನ್ನು ಕೆಳಗಿಟ್ಟು, ಗಡಿಯಾರ ಮರೆತು, "ಆಮೇಲೆ?" ಎಂದರಂತೆ. ಎರಡು ವಾರಕ್ಕೆ ಫಲಿತಾಂಶ ಬಂತು. ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಪಾಸಾಗಿದ್ದಳು. ಅಮ್ಮ ಆ ದಿನ ಮೂರು ಬಗೆಯ ಸಾರು ಮಾಡಿದಳು.

ಕಾಗದಪತ್ರವೆಲ್ಲ ಆಗಲು ಮೂರು ತಿಂಗಳು ಹಿಡಿಯಿತು. ಹೊರಡುವ ದಿನ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರೇ ನೆರೆದಿತ್ತು. ಚಂಪಾ ಕಿಟಕಿಯ ಪಕ್ಕ ಕೂತಳು. ಅಮ್ಮ ಚಟ್ನಿಪುಡಿಯ ಡಬ್ಬಿಯನ್ನು ಕಿಟಕಿಯಿಂದ ತೂರಿಸಿದಳು. ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟುಕೊಂಡ. ಆಗ ಚಂಪಾ ಕಿಟಕಿಯಿಂದ ಬಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು:

"ರೀ, ನಾನು ಹೋಗ್ಲಾ?"

ಅವಳ ಗಂಟಲು ಬಿಕ್ ಎಂದಿತು.

"ಹೋಗು" ಎಂದೆ ನಾನು. ಮೂರು ತಿಂಗಳಿಂದ ಕನ್ನಡಿಯ ಮುಂದೆ ನಗುಮುಖದೊಂದಿಗೆ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತು ಅದು. ಚಂಪಾ ಬಿಕ್ಕಿದಳು. "ಸಂತೋಷವಾಗಿ ಹೋಗು" ಎಂದೆ. ಬಿಕ್. "ನನ್ನ ಅಭ್ಯಂತರ ಏನೂ ಇಲ್ಲ" ಎಂದೆ. ಈ ಸಲ ಅವಳ ಬಳೆಗಳು ಸದ್ದು ಮಾಡುವಷ್ಟು ಜೋರಾಗಿ ಬಂತು.

"ಇವನು ಗೈಡು ಓದ್ತಿರೋ ಹಾಗಿದೆ" ಎಂದಳು ಅಮ್ಮ.

ಜನ ನಕ್ಕರು. ಬಿಕ್ಕುತ್ತಾ ಹೋದರೆ ಅವಳಿಗೆ ಅಲ್ಲಿ ಒಂದು ದಿನವೂ ಕೆಲಸ ಉಳಿಯುವುದಿಲ್ಲ. ತಲೆ ತಗ್ಗಿಸಿ, "ಸರಿ. ಬೇಡ. ಹೋಗಬೇಡ" ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಿಕ್. ಅದೂ ಪೂರ್ತಿ ನಿಜವಾಗಿರಲಿಲ್ಲ.

"ಎರಡು ನಿಮಿಷ ಇದೆ ಸಾರ್, ನಿಧಾನಕ್ಕೆ ಹೇಳಿ" ಎಂದ ದಸ್ತಗೀರ, ನಾನು ಕ್ಲಾಸಿನಲ್ಲಿ ಹೇಳುವ ಧಾಟಿಯಲ್ಲೇ.

"ಹೋಗಬೇಡ ಅನ್ನಿಸುತ್ತೆ ಚಂಪಾ" ಎಂದೆ. "ನಿನ್ನ ಪಾಸ್‌ಪೋರ್ಟು ಕಳೆದುಹೋಗ್ಲಿ ಅಂತ ದಿನಾ ಅಂದ್ಕೊಂಡಿದ್ದೀನಿ. ಒಂದು ದಿನ ಬಚ್ಚಿಡೋಕೂ ಹೋದೆ. ಅಕ್ಕಿ ಡಬ್ಬದವರೆಗೂ ತಗೊಂಡು ಹೋಗಿ ವಾಪಸ್ಸು ತಂದಿಟ್ಟೆ. ಆದ್ರೆ ಆ ಬೆಂಚಿನ ಮೇಲೆ ನಿನ್ನ ಮುಖ ನೋಡಿಬಿಟ್ಟೆ. ಅದನ್ನ ನಮ್ಮನೇಲಿ ಒಂದು ದಿನಾನೂ ನೋಡಿರಲಿಲ್ಲ. ನೀನು ಇಲ್ಲೇ ಉಳಿದ್ರೆ ಆ ಮುಖ ಇರಲ್ಲ. ಹೋದ್ರೆ ನನಗೆ ನೋಡೋಕೆ ಸಿಗಲ್ಲ. ಹೋಗು ಅಂತಾನೂ ಬಾಯಿ ಬರಲ್ಲ, ಬೇಡ ಅಂತಾನೂ ಬಾಯಿ ಬರಲ್ಲ. ಭಯ ಆಗ್ತಿದೆ. ಅಷ್ಟೇ ಕಣೆ."

ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು. ಏನೂ ಬರಲಿಲ್ಲ. ಚಂಪಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಡಕ್ಟರು ಮೂಗು ಒರೆಸಿಕೊಂಡು ಸೀಟಿ ಊದಿದ. ಬಸ್ಸು ಹೊರಟಿತು.

ನಾನು ಕಿಟಕಿಯ ಜೊತೆ ನಡೆದೆ, ಆಮೇಲೆ ಓಡಿದೆ. ಮೇಷ್ಟ್ರಾಗಿ ಅವಳನ್ನು ನೂರಾರು ಪ್ರಶ್ನೆ ಕೇಳಿದ್ದೆ. ಗಂಡನಾಗಿ ಒಂದನ್ನೂ ಕೇಳಿರಲಿಲ್ಲ.

"ಚಂಪಾ, ವಾಪಸ್ ಬರ್ತೀಯಾ?" ಎಂದು ಕೂಗಿದೆ. ಬಿಕ್ ಎಂದಿತು.

ಅವಳು ಅರ್ಧ ಮೈ ಈಚೆ ಹಾಕಿ ಏನೋ ಹೇಳಿದಳು. ಹೌದು ಇಲ್ಲ ಎಂಬುದಕ್ಕಿಂತ ಉದ್ದದ ಮಾತು. ಅದೇ ಹೊತ್ತಿಗೆ ಡ್ರೈವರು ಹಾರನ್ ಅದುಮಿದ. ಒಂದಕ್ಷರವೂ ಕೇಳಿಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಬಿಕ್ಕಳಿಕೆ ನಿಂತುಹೋಗಿತ್ತು.

ಅಮ್ಮ ಏದುಸಿರು ಬಿಡುತ್ತಾ ಬಂದು ನನ್ನ ತೋಳು ಹಿಡಿದಳು. ಅರವತ್ತೆಂಟು ವರ್ಷದಲ್ಲಿ ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ಕಂಡವರಿಲ್ಲ.

"ಏನಂದಳೋ?" ಎಂದಳು. ಬಿಕ್ಕಿದಳು.

"ಕೇಳಿಸಲಿಲ್ಲಮ್ಮ. ಆದ್ರೆ ನಿಜಾನೇ ಹೇಳಿದಾಳೆ" ಎಂದೆ.

ಅಮ್ಮನ ಬಿಕ್ಕಳಿಕೆ ನಿಂತಿತು. ತನ್ನ ಗಂಟಲಿನಲ್ಲಿ ಆದದ್ದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ಸ್ವಲ್ಪ ಹೊತ್ತು ಕತ್ತು ಸವರಿಕೊಂಡಳು. ಇಬ್ಬರೂ ಮನೆಯ ಕಡೆ ತಿರುಗಿದೆವು. ನಾಲ್ಕು ಹೆಜ್ಜೆ ಹೋದ ಮೇಲೆ, ನನ್ನ ಮುಖ ನೋಡದೆ, ಮೆತ್ತಗೆ ಇನ್ನೊಂದು ಕೇಳಿದಳು:

"ಮಗಾ, ರಾತ್ರಿ ಊಟಕ್ಕೆ ನಿಂಗೇನು ಮಾಡ್ಲಿ? ಏನಿಷ್ಟ ನಿಂಗೆ?"

ಏನಾದರೊಂದು ಹೇಳಿ ಮುಗಿಸೋಣವೆಂದರೆ ಹಾಗೆ ಹೇಳುವಂತಿರಲಿಲ್ಲ. ನಿಜವಾದದ್ದು ನನಗೆ ತಕ್ಷಣ ಹೊಳೆಯಲೂ ಇಲ್ಲ. ನಾನು ಯೋಚಿಸುತ್ತಾ ನಡೆದೆ. ಅಮ್ಮ ಬಿಕ್ಕುತ್ತಾ, ನನ್ನ ಪಕ್ಕದಲ್ಲೇ ಬಂದಳು.